ಲಿನಕ್ಸ್ ಹಾಕಲು ಹೋಗಿ ಸಿಕ್ಕಿಹಾಕಿಕೊಂಡವರಿಗೆ: ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಮೊದಲ ಸಲ ಲಿನಕ್ಸ್ ಹಾಕುವವರ ದೂರು ಹೆಚ್ಚಾಗಿ ಎರಡೇ ಪದದ್ದು: "ಏನೂ ಬರ್ತಿಲ್ಲ." ಸ್ವಲ್ಪ ಕೆದಕಿ ಕೇಳಿದರೆ ಏನೋ ಒಂದು ಬಂದೇ ಇರುತ್ತದೆ. ಕಪ್ಪು ಪರದೆಯ ಮೂಲೆಯಲ್ಲಿ ಸಣ್ಣ ಗೆರೆ ಮಿನುಗುತ್ತಿರುತ್ತದೆ. ಇಲ್ಲವೇ ಲ್ಯಾಪ್‌ಟಾಪ್ ಕಂಪನಿಯ ಲೋಗೋ ಬಂದು ಅಲ್ಲೇ ನಿಂತಿರುತ್ತದೆ. ಇಲ್ಲವೇ ಏನೂ ಆಗಿಲ್ಲವೆಂಬಂತೆ ವಿಂಡೋಸೇ ತೆರೆದುಕೊಂಡಿರುತ್ತದೆ. ಈ ಮೂರೂ ಬೇರೆ ಬೇರೆ ದೋಷಗಳು. ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ತಾಗುವುದಿಲ್ಲ.

ಆದ್ದರಿಂದ ಏನನ್ನೂ ಸರಿಪಡಿಸಲು ಹೋಗುವ ಮೊದಲು ಕಂಪ್ಯೂಟರ್ ಯಾವ ಹಂತದಲ್ಲಿ ನಿಂತಿದೆ ಎಂದು ನೋಡಿ. ಆನ್ ಮಾಡಿದಾಗ ಮೊದಲು ಏಳುವುದು ಬೋರ್ಡಿನ ಒಳಗಿರುವ ಫರ್ಮ್‌ವೇರ್. ಈಗಿನದರ ಹೆಸರು ಯುಇಎಫ್‌ಐ, ಆದರೂ ಎಲ್ಲರ ಬಾಯಲ್ಲಿ ಅದು ಬಯೋಸ್. ಬಯೋಸ್ ಬೂಟ್‌ಲೋಡರನ್ನು, ಅಂದರೆ ಸಿಸ್ಟಂ ಏಳಿಸುವ (ಬೂಟ್ ಮಾಡುವ) ಸಣ್ಣ ಪ್ರೋಗ್ರಾಂ ಅನ್ನು, ಎಬ್ಬಿಸುತ್ತದೆ. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ಗ್ರಬ್. ಗ್ರಬ್ ಲಿನಕ್ಸಿನ ತಿರುಳಾದ ಕರ್ನಲನ್ನು ಎಬ್ಬಿಸುತ್ತದೆ. ಕರ್ನಲ್ ಡಿಸ್ಕು, ಗ್ರಾಫಿಕ್ಸ್, ವೈಫೈ ಎಲ್ಲವನ್ನೂ ಗುರುತಿಸುತ್ತದೆ. ಕೊನೆಗೆ ಲಾಗಿನ್, ಆಮೇಲೆ ಡೆಸ್ಕ್‌ಟಾಪ್. ಇನ್‌ಸ್ಟಾಲ್ ಆದ ಮೇಲೆ ಗ್ರಬ್ ಮೆನು ಕಂಡಿದೆ ಎಂದರೆ ಪೆನ್‌ಡ್ರೈವ್, ಬಯೋಸ್ ಎರಡರ ಮೇಲೂ ಅನುಮಾನ ಬಿಡಬಹುದು. ಲಾಗಿನ್ ಪರದೆ ಬಂದಿದೆ ಎಂದರೆ ಗ್ರಬ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಇಲ್ಲಿ ಬರೆದಿರುವುದು ಉಬುಂಟು ಮತ್ತು ಲಿನಕ್ಸ್ ಮಿಂಟ್ ಮನಸ್ಸಿನಲ್ಲಿ ಇಟ್ಟುಕೊಂಡು, ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕುವವರಿಗೆ. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ಆದೇಶಗಳನ್ನು ಕನ್ನಡದಲ್ಲೇ ಬಿಡಿಸಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ.

ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತಿಲ್ಲ

ಮೊದಲ ಅನುಮಾನ ಪೆನ್‌ಡ್ರೈವ್ ಮೇಲೆಯೇ ಇರಲಿ. ಐಎಸ್‌ಒ ಫೈಲನ್ನು, ಅಂದರೆ ಇಳಿಸಿಕೊಂಡ ಲಿನಕ್ಸ್ ಇನ್‌ಸ್ಟಾಲರ್ ಫೈಲನ್ನು, ಸುಮ್ನೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್, ಬಲೀನಾ ಎಚರ್ ಅಥವಾ ವೆಂಟಾಯ್ ತರಹದ ಸಾಧನದಿಂದಲೇ ಬರೆಯಬೇಕು. 8 ಜಿಬಿ ಪೆನ್‌ಡ್ರೈವ್ ಸಾಕು. ಉಬುಂಟು 24.04ರ ಐಎಸ್‌ಒ 5 ಜಿಬಿಗಿಂತ ಜಾಸ್ತಿ ಇದೆ, ಮಿಂಟ್‌ನದು 3 ಜಿಬಿ ಆಸುಪಾಸು. ಬರೆದು ಮುಗಿಸಿದ ಮೇಲೆ ವಿಂಡೋಸ್ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಬಹುದು. ಅದಕ್ಕೆ ಅರ್ಥವಾಗದ ರೀತಿಯಲ್ಲಿ ಬರೆದಿದ್ದರಿಂದ ಕೇಳುತ್ತಿದೆ, ಅಷ್ಟೇ. ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್ ಒತ್ತಿದರೆ ಮತ್ತೆ ಮೊದಲಿಂದ ಬರೆಯಬೇಕು.

ಇಳಿಸಿಕೊಂಡ ಐಎಸ್‌ಒ ಅರ್ಧಂಬರ್ಧ ಇದ್ದರೆ ಬರುವ ತೊಂದರೆಗಳು ತುಂಬಾ ದಾರಿ ತಪ್ಪಿಸುತ್ತವೆ. ಬೂಟ್ ಆಗುತ್ತದೆ, ಇನ್‌ಸ್ಟಾಲ್ ಕೂಡ ಶುರುವಾಗುತ್ತದೆ, ಅರ್ಧಕ್ಕೆ ಯಾವುದೋ ಫೈಲ್ ಓದಲಾಗಲಿಲ್ಲ ಎಂದು ನಿಲ್ಲುತ್ತದೆ. ಜನ ಹಾರ್ಡ್‌ಡಿಸ್ಕ್ ಹಾಳಾಗಿದೆ ಎಂದುಕೊಳ್ಳುತ್ತಾರೆ. ಅದಕ್ಕೇ ಶಾ256 ಮೊತ್ತ ಹೋಲಿಸಿ ನೋಡಬೇಕು. ಅದು ಫೈಲಿನ ಬೆರಳಚ್ಚಿನಂಥ 64 ಅಕ್ಷರ-ಅಂಕಿಗಳ ಸಾಲು. ವಿಂಡೋಸಿನಲ್ಲಿ 'ಸರ್ಟ್‌ಯುಟಿಲ್' ಆದೇಶ ಆ ಸಾಲನ್ನು ಲೆಕ್ಕ ಹಾಕಿ ಕೊಡುತ್ತದೆ. ಐಎಸ್‌ಒ ಇಳಿಸಿದ ಪುಟದಲ್ಲಿ ಕೊಟ್ಟಿರುವ ಸಾಲಿಗೂ ಇದಕ್ಕೂ ಒಂದು ಅಕ್ಷರ ಬೇರೆ ಇದ್ದರೂ ಫೈಲ್ ಸರಿಯಿಲ್ಲ, ಮತ್ತೆ ಇಳಿಸಿ. ಐದು ನಿಮಿಷದ ಕೆಲಸ, ಆದರೂ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಪೆನ್‌ಡ್ರೈವ್ ಸರಿ ಇದೆ, ಆದರೂ ನೇರ ವಿಂಡೋಸ್ ಬರುತ್ತಿದೆ ಎಂದರೆ ಬೂಟ್ ಮೆನು ಕೀ ಸಿಗುತ್ತಿಲ್ಲ. ಲೆನೊವೊ, ಡೆಲ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬದಲಾಗುತ್ತದೆ. ಕೀ ಹಿಡಿಯಲು ಪೇಚಾಡುವುದಕ್ಕಿಂತ ವಿಂಡೋಸಿನ ಒಳಗಿಂದಲೇ ಹೋಗುವುದು ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿ, ಪೆನ್‌ಡ್ರೈವ್ ತೋರಿಸಿ. ಬಯೋಸ್ ಒಳಗೆ ಹೋಗುವ ದಾರಿಯೂ ಅದೇ ಪರದೆಯಲ್ಲಿ ಇದೆ, 'ಟ್ರಬಲ್‌ಶೂಟ್' ಅಡಿಯಲ್ಲಿ.

ಇಲ್ಲಿ ಇನ್ನೊಂದು ಗುಟ್ಟು ಇದೆ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದು ಆನ್ ಇದ್ದರೆ ನೀವು ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಮುಚ್ಚುವುದೇ ಇಲ್ಲ. ಅರ್ಧ ನಿದ್ದೆಯಲ್ಲಿ ಇರುತ್ತದೆ. ಲಿನಕ್ಸ್ ಬಂದ ಮೇಲೆ ವಿಂಡೋಸ್ ಡ್ರೈವ್ ತೆರೆಯದೇ ಇರುವುದಕ್ಕೆ, ತೆರೆದರೂ ಬರೆಯಲು ಬಿಡದೇ ಇರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಕೆಲವು ವೈಫೈ ಕಾರ್ಡುಗಳೂ ಇದರಿಂದ ಕೈಕೊಡುತ್ತವೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟ: ಅಲ್ಲಿನ ಟಿಕ್ ತೆಗೆದುಬಿಡಿ. ಎರಡು ಸಿಸ್ಟಂ ಇಟ್ಟುಕೊಳ್ಳುವವರು ಅದನ್ನು ಮತ್ತೆ ಆನ್ ಮಾಡುವ ಅಗತ್ಯ ಇಲ್ಲ.

ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್

ಇದೊಂದು ಭಾಗವನ್ನು ಓದದೆ ಮುಂದೆ ಹೋಗಬೇಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುವುದುಂಟು. ಬಯೋಸಿನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲ್‌ಗಳನ್ನು ಮಾತ್ರ ಬಿಡುವ ವ್ಯವಸ್ಥೆ) ಬದಲಾಯಿಸಿದ ತಕ್ಷಣ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇಲ್ಲದಿದ್ದರೆ ಒಳಗಿನ ಫೋಟೋ, ದಾಖಲೆ ಯಾವುದೂ ಕೈಗೆ ಸಿಗುವುದಿಲ್ಲ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲು ಅದನ್ನು ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಉಳಿಸಿದರೆ ಏನು ಪ್ರಯೋಜನ, ಅಲ್ವಾ?

ಹಾಗೆ ನೋಡಿದರೆ ಸೆಕ್ಯೂರ್ ಬೂಟ್ ಆಫ್ ಮಾಡುವುದು ಎಲ್ಲರಿಗೂ ಬೇಕಿಲ್ಲ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಅದು ಆನ್ ಇದ್ದಾಗಲೂ ಬೂಟ್ ಆಗುತ್ತವೆ. "ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡಿ" ಎಂದು ಕಣ್ಣು ಮುಚ್ಚಿ ಹೇಳುವ ಸಲಹೆ ಹಳೆಯ ಕಾಲದ್ದು. ಪರದೆಯ ಮೇಲೆ 'ಸೆಕ್ಯುರಿಟಿ ವಯೊಲೇಶನ್' ಎಂಬ ಮಾತು ಬಂದರೆ ಮಾತ್ರ ಅದರ ಕಡೆ ನೋಡಿ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಲಿನಕ್ಸ್‌ಗಳೂ 'ಎಸ್‌ಬಿಎಟಿ' ಎಂಬ ಪದ ಇರುವ ದೋಷ ತೋರಿಸಿ ನಿಂತವು. ಹಳೆಯ ಬೂಟ್ ಫೈಲ್‌ಗಳನ್ನು ಅದು ಒಪ್ಪದೆ ಹೋಗಿತ್ತು. ಈ ಸಂದೇಶ ಕಂಡರೆ ಹಳೆಯ ಪೆನ್‌ಡ್ರೈವ್ ಬಿಟ್ಟು ಈಚಿನ ಐಎಸ್‌ಒ ತೆಗೆದುಕೊಳ್ಳಿ.

ಇನ್‌ಸ್ಟಾಲರ್ ಬಂತು, ಡಿಸ್ಕೇ ಕಾಣುತ್ತಿಲ್ಲ

ವಿಂಡೋಸಿನಲ್ಲಿ ಕಾಣುವ ಡಿಸ್ಕ್ ಲಿನಕ್ಸ್ ಇನ್‌ಸ್ಟಾಲರಿಗೆ ಕಾಣುತ್ತಿಲ್ಲ ಎಂದರೆ ಡಿಸ್ಕ್ ಕೆಟ್ಟಿಲ್ಲ. ಬಯೋಸಿನಲ್ಲಿ ಸ್ಟೋರೇಜ್ ವಿಧಾನ ರೇಡ್, ಆರ್‌ಎಸ್‌ಟಿ ಅಥವಾ ವಿಎಂಡಿ ಎಂದು ಇರುತ್ತದೆ. ಅದನ್ನು ಎಎಚ್‌ಸಿಐಗೆ ಬದಲಾಯಿಸಬೇಕು. ಹಾಗಂತ ನೇರವಾಗಿ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸಿನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಮಾಡುವಾಗಲೇ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದರೆ ಆಯಿತು. ಬಿಟ್‌ಲಾಕರ್ ಕೀ ಇಲ್ಲೂ ಕೈಯಲ್ಲಿ ಇರಲಿ.

ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ಪೆನ್‌ಡ್ರೈವ್‌ನಿಂದಲೇ ಸ್ವಲ್ಪ ಹೊತ್ತು ಲಿನಕ್ಸ್ ಓಡಿಸಿ ನೋಡುವ ಅನುಕೂಲ ಇದೆ. ಅದನ್ನು ಸುಮ್ನೆ ಡೆಸ್ಕ್‌ಟಾಪ್ ನೋಡಿ ಖುಷಿಪಡಲು ಬಳಸಬೇಡಿ. ವೈಫೈ ಹಿಡಿಯುತ್ತಾ, ಶಬ್ದ ಬರುತ್ತಾ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತಾ ಎಂದು ಪರೀಕ್ಷಿಸಿ. ಇಲ್ಲಿ ಕೆಲಸ ಮಾಡದ್ದು ಇನ್‌ಸ್ಟಾಲ್ ಆದ ಮೇಲೂ ತಾನಾಗಿ ಕೆಲಸ ಮಾಡುವ ಸಾಧ್ಯತೆ ಕಡಿಮೆ. ಎನ್‌ವಿಡಿಯಾ ಗ್ರಾಫಿಕ್ಸ್ ಇದಕ್ಕೆ ಹೊರತು, ಅದರ ಡ್ರೈವರ್ ಆಮೇಲೆ ಹಾಕುವಂಥದ್ದು.

ಜಾಗ ಬಿಡಿಸುವ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮುಗಿಸಿಕೊಳ್ಳಿ. ಉಬುಂಟುಗೆ 25 ಜಿಬಿ ಸಾಕು ಎನ್ನುತ್ತಾರೆ, ಆದರೆ ದಿನನಿತ್ಯ ಬಳಸುವವರು ಅಷ್ಟರಲ್ಲಿ ಬೇಗ ಇಕ್ಕಟ್ಟಿಗೆ ಬೀಳುತ್ತಾರೆ. 60 ಜಿಬಿ ಇಟ್ಟುಕೊಂಡರೆ ನೆಮ್ಮದಿ. ಇನ್‌ಸ್ಟಾಲರಿನಲ್ಲಿ 'ಇರೇಸ್ ಡಿಸ್ಕ್' ಎಂಬ ಆಯ್ಕೆ ಹೇಳಿದ್ದನ್ನೇ ಮಾಡುತ್ತದೆ, ಇಡೀ ಡಿಸ್ಕನ್ನು ಒರೆಸುತ್ತದೆ. ವಿಂಡೋಸ್ ಉಳಿಸಿಕೊಳ್ಳಬೇಕಾದರೆ 'ಅಲಾಂಗ್‌ಸೈಡ್' ಎಂದು ಇರುವುದನ್ನು ಆರಿಸಿ. ಆ ಆಯ್ಕೆ ಕಾಣುತ್ತಲೇ ಇಲ್ಲ ಎಂದರೆ ಅಲ್ಲೇ ನಿಲ್ಲಿಸಿ. ಒಂದೋ ಬಿಟ್‌ಲಾಕರ್ ಆನ್ ಇದೆ, ಒಂದೋ ಪೆನ್‌ಡ್ರೈವ್ ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆಗಿದೆ. ವಿಂಡೋಸ್ ಯುಇಎಫ್‌ಐನಲ್ಲಿ ಇದ್ದು ಲಿನಕ್ಸ್ ಲೆಗಸಿಯಲ್ಲಿ ಕೂತರೆ ಎರಡೂ ಒಂದೇ ಮೆನುವಿನಲ್ಲಿ ಬರುವುದಿಲ್ಲ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಂಡರೆ ಹೆಸರಿನ ಮೊದಲಿಗೆ ಯುಇಎಫ್‌ಐ ಎಂದು ಬರೆದಿರುವುದನ್ನೇ ಆರಿಸಿ.

ಇನ್‌ಸ್ಟಾಲ್ ಮುಗಿಯಿತು, ಮೆನು ಬರುತ್ತಿಲ್ಲ

ನೇರ ವಿಂಡೋಸ್ ಬಂದರೆ ಬಯೋಸಿನ ಬೂಟ್ ಆರ್ಡರ್ ನೋಡಿ. 'ವಿಂಡೋಸ್ ಬೂಟ್ ಮ್ಯಾನೇಜರ್' ಮೇಲೆ ಇದ್ದರೆ 'ಉಬುಂಟು' ಎಂಬುದನ್ನು ಅದರ ಮೇಲಕ್ಕೆ ತನ್ನಿ. ಮಿಂಟ್ ಹಾಕಿದವರು ಅಲ್ಲಿ ಮಿಂಟ್ ಎಂಬ ಹೆಸರು ಹುಡುಕಿ ಕಂಗಾಲಾಗುತ್ತಾರೆ. ಅದೂ 'ಉಬುಂಟು' ಎಂದೇ ಕಾಣುತ್ತದೆ, ಗಾಬರಿ ಬೇಡ.

ಇದರ ಉಲ್ಟಾ ದೂರೂ ಇದೆ: ಗ್ರಬ್ ಬಂತು, ಅದರಲ್ಲಿ ವಿಂಡೋಸ್ ಇಲ್ಲ. "ವಿಂಡೋಸ್ ಹೋಯ್ತು" ಎಂದು ಅಳುವ ಮೊದಲು ಬೂಟ್ ಮೆನು ಕೀ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ ನೋಡಿ. ಅದು ತೆರೆದುಕೊಂಡರೆ ಎಲ್ಲವೂ ಕ್ಷೇಮ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಂಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದನ್ನು ನಿಲ್ಲಿಸಿದ್ದಾರೆ. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗೆ ಗ್ರಬ್ ಎಂಬ ಫೈಲ್ ಇದೆ. ಅದರಲ್ಲಿ ಓಎಸ್-ಪ್ರೋಬರ್ ಅನ್ನು ಡಿಸೇಬಲ್ ಮಾಡುವ ಸಾಲನ್ನು 'ಫಾಲ್ಸ್' ಎಂದು ಮಾಡಿ, 'ಸುಡೊ ಅಪ್‌ಡೇಟ್-ಗ್ರಬ್' (ಸುಡೊ ಎಂದರೆ ಆದೇಶವನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು) ಓಡಿಸಿದರೆ ವಿಂಡೋಸ್ ಹೆಸರು ಮೆನುವಿಗೆ ಬರುತ್ತದೆ.

'ಗ್ರಬ್ ರೆಸ್ಕ್ಯೂ' ಎಂದು ಬರೆದು ನಿಂತಿದ್ದರೆ ಗ್ರಬ್‌ಗೆ ತನ್ನ ಉಳಿದ ಫೈಲ್‌ಗಳು ಸಿಗುತ್ತಿಲ್ಲ. ವಿಂಡೋಸಿನ ಒಳಗಿಂದ ಲಿನಕ್ಸ್ ಪಾರ್ಟಿಶನ್ (ಲಿನಕ್ಸಿಗೆ ಬಿಟ್ಟ ಡಿಸ್ಕಿನ ಭಾಗ) ಅಳಿಸಿದವರಿಗೆ ಇದು ಖಾತ್ರಿ ಬರುತ್ತದೆ. ಅವರು ಬೂಟ್ ಆರ್ಡರ್‌ನಲ್ಲಿ ವಿಂಡೋಸನ್ನು ಮೇಲೆ ತಂದರೆ ಸಾಕು. ಅಳಿಸದೆಯೇ ಬಂದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಬೂಟ್-ರಿಪೇರ್' ಓಡಿಸಿ. ಮಿಂಟ್ ಪೆನ್‌ಡ್ರೈವ್‌ನಲ್ಲಿ ಅದು ಮೊದಲೇ ಇರುತ್ತದೆ.

ಕಪ್ಪು ಪರದೆ

ಹೊಸಬರನ್ನು ಜಾಸ್ತಿ ಓಡಿಸುವುದು ಇದೇ. ಗ್ರಬ್ ಮೆನುವಿನಲ್ಲಿ ಉಬುಂಟು ಆರಿಸಿದ್ದೀರಿ, ಪರದೆ ಕಪ್ಪಾಯಿತು, ಮುಂದೆ ಸದ್ದಿಲ್ಲ. ಪವರ್ ಬಟನ್ ಒತ್ತಿ ಹಿಡಿಯುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ.

ಒತ್ತಿದಾಗಲೆಲ್ಲ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಜೀವಂತ ಇದೆ, ಚಿತ್ರ ಮಾತ್ರ ಪರದೆಗೆ ಬರುತ್ತಿಲ್ಲ. ನೀವು ಮುಟ್ಟದೆಯೇ ದೀಪ ತಾನಾಗಿ ಮಿಟುಕುತ್ತಿದ್ದರೆ ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ಕೈಚೆಲ್ಲಿದೆ. ಒತ್ತಿದರೂ ದೀಪ ಅಲುಗಾಡದಿದ್ದರೆ ಇಡೀ ಯಂತ್ರ ಸ್ತಬ್ಧ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಪ್ಸ್ ಲಾಕ್ ದೀಪವೇ ಇರುವುದಿಲ್ಲ, ಅಂಥವರು ನೇರ ಮುಂದಿನದಕ್ಕೆ ಹೋಗಿ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬಿಳಿ ಅಕ್ಷರದಲ್ಲಿ ಲಾಗಿನ್ ಕೇಳಿದರೆ ಸಿಸ್ಟಂ ಪೂರ್ತಿ ಎದ್ದಿದೆ, ಡೆಸ್ಕ್‌ಟಾಪ್ ಒಂದೇ ಬಿದ್ದಿದೆ. ಬ್ರೈಟ್‌ನೆಸ್ ಕೀಯನ್ನೂ ಒಮ್ಮೆ ಒತ್ತಿ ನೋಡಿ. ತಮಾಷೆಯಲ್ಲ, ಬೆಳಕು ಸೊನ್ನೆಗೆ ಇಳಿದು ಪರದೆ ಕಪ್ಪಗೆ ಕಾಣುವುದೂ ಉಂಟು.

ಕರ್ನಲ್ ಜೀವಂತ, ಚಿತ್ರ ಇಲ್ಲ ಎಂದಾದರೆ ಗ್ರಾಫಿಕ್ಸ್ ಡ್ರೈವರ್ ಮೇಲೆಯೇ ಅನುಮಾನ. ಎನ್‌ವಿಡಿಯಾ ಕಾರ್ಡ್ ಇದ್ದರೆ ಇನ್ನೂ ಗಟ್ಟಿ ಅನುಮಾನ. ರೀಸ್ಟಾರ್ಟ್ ಮಾಡಿ ಗ್ರಬ್ ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇಂಗ್ಲಿಷಿನ 'ಇ' ಕೀ ಒತ್ತಿ. ಮೆನು ಕಾಣದೆ ಹಾರಿಹೋಗುತ್ತಿದ್ದರೆ ಕಂಪನಿ ಲೋಗೋ ಹೋದ ಕೂಡಲೇ ಎಸ್ಕೇಪ್ ಒಂದೇ ಒಂದು ಸಲ ಒತ್ತಿ. ಪದೇ ಪದೇ ಒತ್ತಿದರೆ ಮೆನು ಬಿಟ್ಟು 'ಗ್ರಬ್' ಎಂಬ ಬರಿ ಅಕ್ಷರಗಳ ಪರದೆಗೆ ಹೋಗಿ ಬೀಳುತ್ತೀರಿ. ಹಾಗಾದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಮತ್ತೆ ಶುರು ಮಾಡಿ.

'ಇ' ಒತ್ತಿದ ಮೇಲೆ ಹಲವು ಸಾಲುಗಳು ಕಾಣುತ್ತವೆ. ಎಲ್ಲವೂ ನಿಮಗೆ ಬೇಕಿಲ್ಲ. 'ಲಿನಕ್ಸ್' ಎಂದು ಶುರುವಾಗುವ ಒಂದು ಉದ್ದ ಸಾಲಿದೆ, ಅದರ ಕೊನೆಯಲ್ಲಿ 'ಕ್ವಾಯಟ್ ಸ್ಪ್ಲಾಶ್' ಎಂಬ ಎರಡು ಪದ ಇರುತ್ತದೆ. ಅದರ ಮುಂದೆ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂದು ಸೇರಿಸಿ, ಒಂದೇ ಪದ, ನಡುವೆ ಜಾಗ ಬೇಡ. ಆಮೇಲೆ ಎಫ್10. ಡೆಸ್ಕ್‌ಟಾಪ್ ಬರುತ್ತದೆ, ಆದರೆ ಎಲ್ಲವೂ ದೊಡ್ಡದಾಗಿ, ಮಬ್ಬಾಗಿ ಕಾಣಬಹುದು. ಅದು ನಿರೀಕ್ಷಿಸಿದ್ದೇ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಜನ ಇದನ್ನೇ ಶಾಶ್ವತ ಮಾಡಿಕೊಂಡು "ಲಿನಕ್ಸಲ್ಲಿ ವಿಡಿಯೋ ತಡವರಿಸುತ್ತೆ" ಎಂದು ಗೊಣಗುತ್ತಾರೆ. ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕಿಕೊಳ್ಳಲು ಇದು ಬಾಗಿಲು, ಅಷ್ಟೇ. ಉಬುಂಟುವಿನಲ್ಲಿ 'ಅಡಿಶನಲ್ ಡ್ರೈವರ್ಸ್' ತೆರೆದು 'ಟೆಸ್ಟೆಡ್' ಎಂದಿರುವುದನ್ನು, ಮಿಂಟಿನಲ್ಲಿ 'ಡ್ರೈವರ್ ಮ್ಯಾನೇಜರ್' ತೆರೆದು 'ರೆಕಮೆಂಡೆಡ್' ಎಂದಿರುವುದನ್ನು ಆರಿಸಿ. ಪೆನ್‌ಡ್ರೈವ್‌ನಲ್ಲೇ ಕಪ್ಪು ಪರದೆ ಬಂದರೆ ಉಬುಂಟು ಮೆನುವಿನ 'ಸೇಫ್ ಗ್ರಾಫಿಕ್ಸ್', ಮಿಂಟಿನ 'ಕಂಪ್ಯಾಟಿಬಿಲಿಟಿ ಮೋಡ್' ಇದೇ ಕೆಲಸ ಮಾಡುತ್ತವೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬಂದು 'ಎಂಒಕೆ ಮ್ಯಾನೇಜ್‌ಮೆಂಟ್'ಗೆ ಯಾವುದಾದರೂ ಕೀ ಒತ್ತಿ ಎನ್ನುತ್ತದೆ. 10 ಸೆಕೆಂಡ್ ಮಾತ್ರ ಕಾಯುತ್ತದೆ. ಆ ಹೊತ್ತಿಗೆ ನೀರು ಕುಡಿಯಲು ಎದ್ದು ಹೋದಿರೋ, ಅವಕಾಶ ಹೋಯಿತು. ಡ್ರೈವರ್ ಹಾಕಿದ್ದರೂ ಅದು ಲೋಡ್ ಆಗುವುದಿಲ್ಲ. ಹಿಡಿದುಕೊಂಡರೆ 'ಎನ್‌ರೋಲ್ ಎಂಒಕೆ' ಆರಿಸಿ, ಮೊದಲು ಇಟ್ಟ ಪಾಸ್‌ವರ್ಡ್ ಕೊಡಿ. "ಡ್ರೈವರ್ ಹಾಕಿದ್ದೀನಿ, ಆದರೂ ಏನೂ ಬದಲಾಗಿಲ್ಲ" ಎನ್ನುವವರಲ್ಲಿ ಬಹಳ ಜನ ಈ ಪರದೆಯನ್ನು ಅರ್ಥವಾಗದೆ ದಾಟಿ ಬಂದವರು.

ಚೆನ್ನಾಗಿ ನಡೆಯುತ್ತಿದ್ದದ್ದು ಅಪ್‌ಡೇಟ್ ಆದ ಮೇಲೆ ಕಪ್ಪಾದರೆ ಗ್ರಬ್‌ನ 'ಅಡ್ವಾನ್ಸ್ಡ್ ಆಪ್ಶನ್ಸ್' ಒಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದನ್ನು ಆರಿಸಿ ಒಳಗೆ ಹೋಗಿ. ಹೊಸ ಕರ್ನಲ್‌ಗೆ ತಕ್ಕ ಡ್ರೈವರ್ ಬರುವವರೆಗೂ ಅದರಲ್ಲೇ ಕೆಲಸ ಮಾಡಬಹುದು.

ಇನ್ನು 'ಇನಿಟ್‌ರಾಮ್‌ಎಫ್‌ಎಸ್' ಎಂದು ಬರೆದು ನಿಂತರೆ ಡಿಸ್ಕಿನ ಫೈಲ್ ವ್ಯವಸ್ಥೆಯಲ್ಲಿ ಏರುಪೇರು ಆಗಿರಬಹುದು, ಉದಾಹರಣೆಗೆ ಕರೆಂಟ್ ಥಟ್ಟನೆ ಹೋದ ಮೇಲೆ. ಅದರ ಮೇಲಿನ ಸಾಲಿನಲ್ಲೇ ಯಾವ ಪಾರ್ಟಿಶನ್ನಿಗೆ 'ಎಫ್‌ಎಸ್‌ಸಿಕೆ' ಓಡಿಸಬೇಕೆಂದು ಹೆಸರು ಕೊಟ್ಟಿರುತ್ತದೆ. ಅದೇ ಹೆಸರಿನೊಂದಿಗೆ ಓಡಿಸಿ, ಕೇಳಿದ್ದಕ್ಕೆ ವೈ ಒತ್ತಿ, ರೀಸ್ಟಾರ್ಟ್ ಮಾಡಿ. ತಿಂಗಳಲ್ಲಿ ಮತ್ತೆ ಮತ್ತೆ ಹೀಗಾದರೆ ಡಿಸ್ಕಿನ ಆರೋಗ್ಯ ನೋಡಿಸಬೇಕು.

ವೈಫೈ

"ವೈಫೈ ಬರ್ತಿಲ್ಲ" ಎಂಬುದರಲ್ಲೂ ಮೂರು ಬಗೆ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಅಡಾಪ್ಟರ್ ಇಲ್ಲ ಎನ್ನುವುದು ಒಂದು. ಅಡಾಪ್ಟರ್ ಇದೆ, ಹೆಸರುಗಳ ಪಟ್ಟಿ ಖಾಲಿ ಎನ್ನುವುದು ಇನ್ನೊಂದು. ಕನೆಕ್ಟ್ ಆಗಿದೆ, ಪುಟ ತೆರೆಯುತ್ತಿಲ್ಲ ಎನ್ನುವುದು ಮೂರನೆಯದು.

ಏನೇ ಇರಲಿ, ಮೊದಲು ಫೋನಿಗೆ ಯುಎಸ್‌ಬಿ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಬೇಡದೆ ಇಂಟರ್‌ನೆಟ್ ಬರುತ್ತದೆ. ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು ಎಂಬ ಸುಳಿಯಿಂದ ಹೊರಬರಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಆಮೇಲೆ ಟರ್ಮಿನಲ್ ತೆರೆದು 'ಆರ್‌ಎಫ್‌ಕಿಲ್ ಲಿಸ್ಟ್' ಕೊಡಿ. ವೈರ್‌ಲೆಸ್ ಹೆಸರಿನ ಕೆಳಗೆ ಎರಡು ಸಾಲು: ಸಾಫ್ಟ್ ಬ್ಲಾಕ್ಡ್, ಹಾರ್ಡ್ ಬ್ಲಾಕ್ಡ್. ಸಾಫ್ಟ್ ಮುಂದೆ 'ಯೆಸ್' ಇದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು. ಹಾರ್ಡ್ ಮುಂದೆ 'ಯೆಸ್' ಇದ್ದರೆ ಯಾವ ಆದೇಶವೂ ಕೇಳುವುದಿಲ್ಲ. ಲ್ಯಾಪ್‌ಟಾಪಿನ ಅಂಚಿನ ಸ್ವಿಚ್ಚು, ಏರೋಪ್ಲೇನ್ ಚಿತ್ರದ ಕೀ, ಬಯೋಸಿನ ವೈರ್‌ಲೆಸ್ ಆಯ್ಕೆ, ಈ ಮೂರರಲ್ಲಿ ಒಂದು ಆಫ್ ಆಗಿರುತ್ತದೆ. ಎರಡೂ 'ನೋ' ಎಂದಿದ್ದರೆ ಡ್ರೈವರ್ ಕಡೆ ತಿರುಗಿ.

'ಎಲ್‌ಎಸ್‌ಪಿಸಿಐ' ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಎನ್‌ಎನ್‌ಕೆ ಸೇರಿಸಿ ಓಡಿಸಿದರೆ ಒಳಗಿನ ಚಿಪ್ಪುಗಳ ಪಟ್ಟಿ ಬರುತ್ತದೆ. ನೆಟ್‌ವರ್ಕ್ ಕಂಟ್ರೋಲರ್ ಇರುವಲ್ಲಿ ಚಿಪ್ ಹೆಸರು ನೋಡಿ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇದೆಯೋ ಇಲ್ಲವೋ ಎಂಬುದೇ ಮುಖ್ಯ. ಇಲ್ಲದಿದ್ದರೆ ಡ್ರೈವರ್ ಇಲ್ಲ. ಇಂಟೆಲ್ ಚಿಪ್ ಆದರೆ ಹೆಚ್ಚಾಗಿ ಹೊಸ ಕರ್ನಲ್ ಇರುವ ಆವೃತ್ತಿ ಹಾಕಿದರೆ ಬರುತ್ತದೆ. ಬ್ರಾಡ್‌ಕಾಮ್ ಆದರೆ ಮೇಲೆ ಹೇಳಿದ ಡ್ರೈವರ್ ಪಟ್ಟಿಯಲ್ಲೇ ಸಿಗುತ್ತದೆ. ರಿಯಲ್‌ಟೆಕ್‌ನ ಕೆಲವು ಚಿಪ್ಪುಗಳು ನಿಜಕ್ಕೂ ತಲೆನೋವು. ಅಪರಿಚಿತರು ಬರೆದ ಡ್ರೈವರನ್ನು ಕಂಪೈಲ್ ಮಾಡಿ ಹಾಕಿದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅದು ಮುರಿಯಬಹುದು. ಹೊಸಬರಿಗೆ ನನ್ನ ಸಲಹೆ: ಅದರೊಂದಿಗೆ ಗುದ್ದಾಡುವ ಬದಲು ಲಿನಕ್ಸಿಗೆ ಒಗ್ಗುವ ಸಣ್ಣ ಯುಎಸ್‌ಬಿ ವೈಫೈ ಹಾಕಿಕೊಳ್ಳಿ.

ಕನೆಕ್ಟ್ ಆಗಿಯೂ ಪುಟ ತೆರೆಯದಿದ್ದರೆ 'ಪಿಂಗ್' ಬರೆದು ಮುಂದೆ 1.1.1.1 ಕೊಡಿ. ಉತ್ತರ ಬಂದರೆ ದಾರಿ ಇದೆ, ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೆಟ್ಟಿದೆ. ಗಡಿಯಾರವನ್ನೂ ನೋಡಿ. ದಿನಾಂಕ ವರ್ಷಗಟ್ಟಲೆ ಹಿಂದೆ ಇದ್ದರೆ ಬ್ರೌಸರ್ ಯಾವ ಸುರಕ್ಷಿತ ಪುಟವನ್ನೂ ನಂಬುವುದಿಲ್ಲ.

ದೋಷವಲ್ಲದ ದೋಷಗಳು

ಲಿನಕ್ಸಿಂದ ವಿಂಡೋಸಿಗೆ ಹೋದಾಗ ಸಮಯ ಕೆಲವು ಗಂಟೆ ಆಚೀಚೆ ಆಗುತ್ತದೆಯೇ? ಬ್ಯಾಟರಿ ಹೋಗಿಲ್ಲ. ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಮೂಲ ಸಮಯ) ಎಂದು ಓದುತ್ತದೆ. 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಕೊಟ್ಟರೆ ಜಗಳ ಮುಗಿಯುತ್ತದೆ.

ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆದರೆ ಚುಕ್ಕಿ ಕೂಡ ಕಾಣದೆ ಇರುವುದು ಸಹಜ. ಕೀಬೋರ್ಡ್ ಕೆಟ್ಟಿಲ್ಲ, ಪೂರ್ತಿ ಹೊಡೆದು ಎಂಟರ್ ಒತ್ತಿ. ಕಾಪಿ ಮಾಡಲು ಕಂಟ್ರೋಲ್ ಸಿ ಒತ್ತಿದರೆ ಓಡುತ್ತಿರುವ ಕೆಲಸವೇ ನಿಲ್ಲುತ್ತದೆ. ಟರ್ಮಿನಲ್‌ನಲ್ಲಿ ಶಿಫ್ಟನ್ನೂ ಸೇರಿಸಿ ಒತ್ತಬೇಕು. ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂಬುದನ್ನು ಮರೆತರೆ ಕಣ್ಣೆದುರೇ ಇರುವ ಫೋಲ್ಡರ್ "ಇಲ್ಲ" ಎನ್ನುತ್ತದೆ. ಹೆಸರಿನ ಮೊದಲ ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ, ಉಳಿದದ್ದನ್ನು ಅದೇ ತುಂಬುತ್ತದೆ.

ಏನಾದರೂ ಇನ್‌ಸ್ಟಾಲ್ ಮಾಡಲು ಹೋದಾಗ 'ಲಾಕ್' ಸಿಗಲಿಲ್ಲ ಎಂದು ಡಿಪಿಕೆಜಿ ಹೆಸರಿನ ದೋಷ ಬಂದರೆ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿದೆ. ಹತ್ತು ನಿಮಿಷ ಬಿಟ್ಟು ನೋಡಿ. ಆ ಲಾಕ್ ಫೈಲನ್ನೇ ಅಳಿಸಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಕೇಳಬೇಡಿ. ನಡೆಯುತ್ತಿರುವ ಅಪ್‌ಡೇಟ್ ಅರ್ಧಕ್ಕೆ ಕಡಿದು ಪ್ಯಾಕೇಜ್‌ಗಳು ಕಲಸುಮೇಲೋಗರ ಆಗುತ್ತವೆ.

ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಪರದೆ ಒಮ್ಮೆ ಮಿಂಚಿ ವಾಪಸ್ ಅಲ್ಲಿಗೇ ಬರುತ್ತಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಒಳಗೆ ಹೋಗಿ ಡಿಸ್ಕ್ ಜಾಗ ನೋಡಿ. 'ಡಿಎಫ್' ಬರೆದು, ಜಾಗ ಬಿಟ್ಟು, ಅಡ್ಡಗೆರೆ ಎಚ್. 100 ಪ್ರತಿಶತ ಎಂದು ಕಂಡರೆ ಕಾರಣ ಸಿಕ್ಕಿತು.

ಹಳೆಯ ಬರಹಗಳೂ ಗೊಂದಲ ಹುಟ್ಟಿಸುತ್ತವೆ. ಉಬುಂಟು 2017ರ 17.10ರಲ್ಲಿ ಯೂನಿಟಿ ಎಂಬ ಡೆಸ್ಕ್‌ಟಾಪ್ ಬಿಟ್ಟು ಗ್ನೋಮ್ ಎಂಬುದಕ್ಕೆ ಬದಲಾಯಿತು. ಅದಕ್ಕೂ ಹಿಂದಿನ ಬರಹದಲ್ಲಿ "ಎಡಗಡೆ ಮೇಲಿನ ಬಟನ್ ಒತ್ತಿ" ಎಂದಿದ್ದರೆ ಆ ಬಟನ್ ನಿಮಗೆ ಸಿಗುವುದೇ ಇಲ್ಲ. ಉಬುಂಟು ಸಂಖ್ಯೆಯಲ್ಲೇ ವರ್ಷ, ತಿಂಗಳು ಇದೆ: 24.04 ಎಂದರೆ 2024ರ ಏಪ್ರಿಲ್. ಎಲ್‌ಟಿಎಸ್ ಎಂದು ಬರೆದಿರುವವು ಎರಡು ವರ್ಷಕ್ಕೊಮ್ಮೆ ಬರುತ್ತವೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ಹೊಸಬರು ಅದನ್ನೇ ಹಾಕಿ, ಅದೇ ಸಂಖ್ಯೆ ಇರುವ ಬರಹವನ್ನೇ ಓದಿ.

ಸಹಾಯ ಕೇಳುವಾಗ

ಗೊತ್ತಿದ್ದವರನ್ನು ಕೇಳುವಾಗ "ಲಿನಕ್ಸ್ ಬರ್ತಿಲ್ಲ, ಏನ್ ಮಾಡ್ಲಿ?" ಎಂದರೆ ಅವರೂ ಊಹಿಸಬೇಕು, ಊಹೆಯ ಪರಿಹಾರವನ್ನು ನೀವು ಮಾಡಿ ನೋಡಬೇಕು. ಬದಲಿಗೆ ಹೀಗೆ ಬರೆಯಿರಿ: "ಉಬುಂಟು 24.04, ವಿಂಡೋಸ್ 11 ಪಕ್ಕದಲ್ಲಿ. ಗ್ರಬ್ ಮೆನು ಬರುತ್ತದೆ, ಉಬುಂಟು ಆರಿಸಿದ ಮೇಲೆ ಕಪ್ಪು. ಕ್ಯಾಪ್ಸ್ ಲಾಕ್ ದೀಪ ಹತ್ತಿ ಆರುತ್ತದೆ. ನೋಮೋಡ್‌ಸೆಟ್ ಹಾಕಿದರೆ ಒಳಗೆ ಹೋಗುತ್ತದೆ. ನಿನ್ನೆ ಅಪ್‌ಡೇಟ್ ಮಾಡಿದ್ದೆ." ಇಷ್ಟು ಹೇಳಿದರೆ ಅರ್ಧ ಉತ್ತರ ನೀವೇ ಕೊಟ್ಟಂತೆ. ಲ್ಯಾಪ್‌ಟಾಪ್ ಮಾಡೆಲ್ ಸೇರಿಸಿ. ದೋಷದ ಸಾಲನ್ನು ನಿಮ್ಮ ಮಾತಿನಲ್ಲಿ ಹೇಳಬೇಡಿ, ಪರದೆಯ ಫೋಟೋ ಹಾಕಿ. ಒಳಗೆ ಹೋಗಲು ಆಗುತ್ತಿದ್ದರೆ 'ಜರ್ನಲ್‌ಸಿಟಿಎಲ್' ಆದೇಶಕ್ಕೆ ಅಡ್ಡಗೆರೆ ಬಿ, ಅಡ್ಡಗೆರೆ ಪಿ ಎರ್ರ್ ಸೇರಿಸಿ ಓಡಿಸಿ, ಈ ಬೂಟ್‌ನಲ್ಲಿ ಬಂದ ದೋಷಗಳು ಮಾತ್ರ ಸಿಗುತ್ತವೆ. ಅದರಲ್ಲಿ ಒಂದಷ್ಟು ಕೆಂಪು ಸಾಲುಗಳು ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಇರುತ್ತವೆ, ನೋಡಿ ಹೆದರಬೇಡಿ.

ಯಾರಾದರೂ ಕೊಟ್ಟ ಆದೇಶದಲ್ಲಿ 'ಸುಡೊ' ಇದ್ದರೆ ಅದು ಏನು ಮಾಡುತ್ತದೆ ಎಂದು ಕೇಳಿಯೇ ಓಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಕಾಗದದಲ್ಲಿ ಬರೆದಿಡಿ. ನಾಲ್ಕು ಸಲಹೆ ಒಟ್ಟಿಗೆ ಹಾಕಿ ಸರಿಹೋದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಸರಿಹೋಗದಿದ್ದರೆ ಈಗ ಐದು ತೊಂದರೆ.

ಮತ್ತೆ ಇನ್‌ಸ್ಟಾಲ್ ಮಾಡುವುದು ಯಾವಾಗ

ಮೊದಲ ತೊಂದರೆಗೇ ಎಲ್ಲ ಒರೆಸಿ ಮತ್ತೆ ಹಾಕುವುದು ವಿಂಡೋಸಿನಿಂದ ಬಂದ ಅಭ್ಯಾಸ. ಡ್ರೈವರ್ ದೋಷ ಇದ್ದರೆ ಹತ್ತು ಸಲ ಹಾಕಿದರೂ ಅದೇ ಕಪ್ಪು ಪರದೆ ಬರುತ್ತದೆ. ಮತ್ತೆ ಹಾಕಲೇಬೇಕಾದ ಸಂದರ್ಭಗಳು ಕೆಲವೇ: ಐಎಸ್‌ಒ ಮೊತ್ತ ತಾಳೆಯಾಗದೆ ಇದ್ದದ್ದು, ಲೆಗಸಿಯಲ್ಲಿ ಕೂತುಬಿಟ್ಟದ್ದು, ಅರ್ಧಕ್ಕೆ ನಿಂತ ಇನ್‌ಸ್ಟಾಲ್. ಹಾಗೆ ಮಾಡುವ ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಫೈಲ್ಸ್ ತೆರೆದು, ಹಳೆಯ ಲಿನಕ್ಸ್ ಪಾರ್ಟಿಶನ್ನಿನ 'ಹೋಮ್' ಒಳಗಿಂದ ನಿಮ್ಮ ಫೈಲ್‌ಗಳನ್ನು ಇನ್ನೊಂದು ಡಿಸ್ಕಿಗೆ ಎತ್ತಿಟ್ಟುಕೊಳ್ಳಿ. ಲಿನಕ್ಸ್ ಬೂಟ್ ಆಗದಿದ್ದರೂ, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರದಿದ್ದರೆ, ಅವು ಹೆಚ್ಚಾಗಿ ಅಲ್ಲೇ ಹಾಗೇ ಇರುತ್ತವೆ.